ಹುಷಾರಿಲ್ಲ ಅನ್ನೋ ರಜೆ ಕಡಿಮೆ ಆಗಬೇಕಾದರೆ: ಒಬ್ಬ ಫ್ಯಾಕ್ಟರಿ ನರ್ಸ್ ಕಂಡ ದಾರಿ

ನನ್ನ ಮೇಜಿನ ಮೇಲೆ ಎರಡು ಪುಸ್ತಕ ಇರುತ್ತವೆ. ಒಂದು ಕಂಪನಿಯವರು ಕೊಟ್ಟ ದಪ್ಪ ರಿಜಿಸ್ಟರ್. ಯಾರು ಬಂದರು, ಯಾವ ಮಾತ್ರೆ ಕೊಟ್ಟೆ, ಅವರ ಸಹಿ, ನನ್ನ ಸಹಿ. ಇನ್ನೊಂದು ನಾನೇ ಅಂಗಡಿಯಿಂದ ತಂದ 200 ಪೇಜಿನ ನೋಟ್‌ಬುಕ್. ಅದರಲ್ಲಿ ಯಾರ ಹೆಸರೂ ಇಲ್ಲ. ತಾರೀಖು, ಲೈನ್ (ಮೆಷಿನ್ ಸಾಲು) ನಂಬರ್, ಮಾಡುವ ಕೆಲಸ, ಏನು ತೊಂದರೆ, ಎಷ್ಟು ದಿನದಿಂದ. ಐದೇ ಕಾಲಂ. ಆಡಿಟ್‌ಗೆ ಬಂದವರು ಮೊದಲನೆಯದನ್ನು ಕೇಳುತ್ತಾರೆ. ನಮ್ಮಲ್ಲಿ ರಜೆ ಕಡಿಮೆ ಆಗಿದ್ದು ಎರಡನೆಯದರಿಂದ.

ನಾನು ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನರ್ಸ್. ಮುಂಚೆ ಮೈಸೂರಿನ ಕಡೆ ಬೇರೊಂದು ಕಡೆ ಇದ್ದೆ. ಎರಡೂ ಸೇರಿ 13 ವರ್ಷ ಆಯಿತು. ತೂಬಿನಕೆರೆ, ಹೆಬ್ಬಾಳ, ಕೂರ್ಗಳ್ಳಿ ಕಡೆಯ ಎಚ್‌ಆರ್‌ನವರು, ಚಿಕ್ಕ ಯೂನಿಟ್ ಇಟ್ಟುಕೊಂಡವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಸಿಸ್ಟರ್, ಹುಷಾರಿಲ್ಲ ಅಂತ ರಜೆ ಜಾಸ್ತಿ ಆಗ್ತಿದೆ, ಏನ್ ಮಾಡೋದು?" ಅಷ್ಟರಲ್ಲಾಗಲೇ ಎರಡು ಕೆಲಸ ಮಾಡಿರುತ್ತಾರೆ. ಒಂದು ದಿನದ ರಜೆಗೂ ಡಾಕ್ಟರ್ ಚೀಟಿ ಕಡ್ಡಾಯ, ಅಟೆಂಡೆನ್ಸ್ ಬೋನಸ್ ಕಟ್. ಇವೆರಡರಿಂದ ಯಾರ ಕಾಯಿಲೆಯೂ ವಾಸಿಯಾಗುವುದಿಲ್ಲ. ರಜೆ ಹಾಕುವ ದಿನಕ್ಕೆ ಎಷ್ಟೋ ವಾರ ಮುಂಚೆ ಆ ಕಾಯಿಲೆ ಕೂರುವ ಸ್ಟೂಲಿನಲ್ಲೋ, ಟಾಯ್ಲೆಟ್‌ನಲ್ಲೋ, ಖಾಲಿ ಹೊಟ್ಟೆಯಲ್ಲೋ ಶುರುವಾಗಿರುತ್ತದೆ. ಅಲ್ಲಿಗೆ ಹೋಗಿ ನೋಡಬೇಕು. ಹೇಗೆ ನೋಡಬೇಕು ಅಂತ ನನಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಲೆಕ್ಕ ಬಿಡಿಸಿ ಬರೆಯಿರಿ

ನಿಮ್ಮಲ್ಲಿ 300 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 26 ದಿನ ಕೆಲಸ. ಒಟ್ಟು 7,800 ಮ್ಯಾನ್‌ಡೇ, ಅಂದರೆ ಒಬ್ಬರ ಒಂದು ದಿನದ ಕೆಲಸ ಒಂದು ಅಂತ ಲೆಕ್ಕ. ಅದರಲ್ಲಿ 390 ದಿನ ಕಾಯಿಲೆ ರಜೆಗೆ ಹೋದರೆ ನೂರಕ್ಕೆ 5. ಈ 5 ಅನ್ನೋ ಅಂಕಿ ಮೀಟಿಂಗ್‌ಗೆ ಹೋಗುತ್ತದೆ, ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಅದನ್ನು ಬಿಡಿಸಿ. ಯಾವ ಲೈನ್, ಯಾವ ಕೆಲಸ, ಒಂದೆರಡು ದಿನದ ರಜೆ ಎಷ್ಟು, ವಾರ ಮೀರಿದ ರಜೆ ಎಷ್ಟು. ಹತ್ತು ಜನ ಒಂದೊಂದು ದಿನ ಹಾಕಿದರೂ ಹತ್ತು ದಿನ, ಒಬ್ಬರೇ ಹತ್ತು ದಿನ ಮಲಗಿದರೂ ಹತ್ತು ದಿನ. ಆದರೆ ಮಾಡಬೇಕಾದ ಕೆಲಸ ಬೇರೆ ಬೇರೆ. ಮೊದಲನೆಯದಕ್ಕೆ ಕಾರಣ ಹೆಚ್ಚಾಗಿ ಫ್ಯಾಕ್ಟರಿ ಒಳಗೇ ಸಿಗುತ್ತದೆ.

ಇನ್ನೊಂದು ಮಾತು. ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೋಡಿ. ಆಷಾಢ ಶುಕ್ರವಾರ, ನಂಜನಗೂಡು ದೊಡ್ಡ ಜಾತ್ರೆ, ಮೇಲುಕೋಟೆ ವೈರಮುಡಿ, ಶಿವರಾತ್ರಿಗೆ ಮಾದಪ್ಪನ ಬೆಟ್ಟ. ಆ ದಿನ "ಹುಷಾರಿಲ್ಲ" ಅನ್ನುವವರಲ್ಲಿ ಅರ್ಧ ಜನ ದೇವರಿಗೆ ಹೋಗಿರುತ್ತಾರೆ. ಅವರು ಸುಳ್ಳು ಹೇಳಿದ್ದು ಯಾಕೆ? ನಿಜ ಹೇಳಿದರೆ ರಜೆ ಸಿಗಲ್ಲ ಅಂತ. ನಮ್ಮಲ್ಲಿ ಈಗ ತಿಂಗಳ ಮೊದಲೇ ಹಬ್ಬದ ಪಟ್ಟಿ ಹಾಕುತ್ತೇವೆ. ಚಾಮುಂಡಿ ಬೆಟ್ಟಕ್ಕೆ ಹೋಗುವವರು ಹೆಸರು ಕೊಟ್ಟು ಬೇರೆ ದಿನ ಆ ಕೆಲಸ ತುಂಬಿಕೊಡುತ್ತಾರೆ. ಸೂಪರ್‌ವೈಸರ್‌ಗೂ ಯಾರು ಬರಲ್ಲ ಅಂತ ಮೊದಲೇ ಗೊತ್ತಿರುತ್ತದೆ. ಕಾಯಿಲೆ ಲೆಕ್ಕದಲ್ಲಿ ಉಳಿಯುವುದು ನಿಜವಾದ ಕಾಯಿಲೆ ಮಾತ್ರ. ಇದನ್ನು ಮಾಡದೆ ಮುಂದಿನ ಯಾವ ಲೆಕ್ಕವನ್ನೂ ನಂಬಬೇಡಿ.

ಅವರ ಜಾಗದಲ್ಲಿ ಕೂತು ನೋಡಿ

ಒಂದು ಸಲ ತಿಂಗಳ ಕೊನೆಯಲ್ಲಿ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ನಾಲ್ಕನೇ ಲೈನ್, ಕಾಲರ್ ಅಟ್ಯಾಚ್ (ಶರ್ಟಿಗೆ ಕಾಲರ್ ಹೊಲಿಯುವ ಕೆಲಸ), ಕುತ್ತಿಗೆ ಮತ್ತು ಬಲ ಭುಜ. ಹೀಗೆ ಏಳು ಸಲ ಬರೆದಿದ್ದೆ. ಏಳು ಸಲವೂ ಮುಲಾಮು ಕೊಟ್ಟು ಕಳಿಸಿದ್ದೆ. ಅದನ್ನು ಓದಿದಾಗ ನನಗೆ ತುಂಬಾ ಬೇಜಾರಾಯಿತು. ಮಾರನೇ ದಿನ ಬೆಳಿಗ್ಗೆ ಆ ಲೈನಿಗೆ ಹೋದೆ. ಕೆರಗೋಡು ಕಡೆಯಿಂದ ಬರುವ ಒಬ್ಬಾಕೆ ಎದ್ದು ಜಾಗ ಬಿಟ್ಟುಕೊಟ್ಟರು. "ಕೂತ್ಕಳಿ ಸಿಸ್ಟರ್, ನಿಮ್ಗೇ ಗೊತ್ತಾಯ್ತದೆ" ಅಂದರು.

ಕೂತೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು. ಸ್ಟೂಲಿಗೆ ಬೆನ್ನಿಲ್ಲ. ಬರೀ ಮರದ ಹಲಗೆ. ಅದರ ಮೇಲೆ ಕಟಿಂಗ್‌ನಲ್ಲಿ ಉಳಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ದಾರದಿಂದ ಕಟ್ಟಿಕೊಂಡಿದ್ದರು. ಮೇಜು ಎತ್ತರ, ಹಾಗಾಗಿ ಬಲ ಭುಜವನ್ನು ಕಿವಿ ಕಡೆಗೆ ಎತ್ತಿಯೇ ಬಟ್ಟೆ ತಳ್ಳಬೇಕು. ಟ್ಯೂಬ್‌ಲೈಟ್ ತಲೆ ಹಿಂದೆ ಇತ್ತು. ನನ್ನ ತಲೆಯ ನೆರಳೇ ಸೂಜಿ ಮೇಲೆ ಬೀಳುತ್ತಿತ್ತು. ಹೊಲಿಗೆ ಕಾಣಬೇಕಾದರೆ ಕುತ್ತಿಗೆ ಬಗ್ಗಿಸಲೇಬೇಕು. ಹೊಲಿಯಬೇಕಾದ ಬಟ್ಟೆಯ ಬಂಡಲ್ ಎಡಗಡೆ ನೆಲದ ಮೇಲೆ. ಪ್ರತಿ ಬಂಡಲ್‌ಗೂ ಸೊಂಟ ತಿರುಗಿಸಿ ಬಗ್ಗಬೇಕು. ಎದ್ದಾಗ ನನಗೇ ಭುಜ ಹಿಡಿದಂತಾಗಿತ್ತು. ಅವರು ಅಲ್ಲಿ ದಿನಕ್ಕೆ ಎಂಟು ಗಂಟೆ ಕೂರುತ್ತಾರೆ.

ಸರಿ ಮಾಡಿದ್ದು ದೊಡ್ಡ ಖರ್ಚಿನಿಂದಲ್ಲ. ಬೆನ್ನಿರುವ ಕುರ್ಚಿ ಬಂತು. ಮೇಜು ತಗ್ಗಿಸಲು ಆಗದ ಕಡೆ ಬಡಗಿಯನ್ನು ಕರೆಸಿ ಕುರ್ಚಿ ಎತ್ತರಿಸಿ, ಕಾಲಿಗೆ ಮರದ ಹಲಗೆ ಇಟ್ಟೆವು. ಮೆಷಿನ್‌ಗೆ ಚಿಕ್ಕ ಎಲ್‌ಇಡಿ ದೀಪ ಹಾಕಿಸಿದೆವು. ಬಂಡಲ್‌ಗೆ ಸೊಂಟದ ಎತ್ತರದ ಸ್ಟ್ಯಾಂಡ್ ಮಾಡಿಸಿದೆವು. ಎರಡು ತಿಂಗಳಾದ ಮೇಲೆ ಆ ಲೈನಿನಿಂದ ಭುಜದ ನೋವು ಅಂತ ಬರುವವರು ಒಬ್ಬಿಬ್ಬರು ಮಾತ್ರ ಇದ್ದರು.

ನೀವು ನೋಡುವಾಗ ಇಷ್ಟು ನೋಡಿ. ಮೊಣಕೈ ಮೇಜಿನ ಮಟ್ಟಕ್ಕೆ ಬರುತ್ತದಾ? ಪಾದ ಪೂರ್ತಿ ನೆಲಕ್ಕೋ ಹಲಗೆಗೋ ತಾಗುತ್ತದಾ? ಬೆಳಕು ಮುಂದಿನಿಂದ ಅಥವಾ ಪಕ್ಕದಿಂದ ಬೀಳುತ್ತದಾ? ಪದೇ ಪದೇ ಎತ್ತುವ ಸಾಮಾನು ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇದೆಯಾ? ಮಿಲ್ ಆಗಲಿ, ಪ್ಯಾಕಿಂಗ್ ಆಗಲಿ, ಲೇತ್ ಮುಂದೆ ನಿಂತು ಮಾಡುವ ಕೆಲಸ ಆಗಲಿ, ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಉತ್ತರವನ್ನು ಮಾತ್ರ ಅಲ್ಲಿ ಕೆಲಸ ಮಾಡುವವರಿಂದಲೇ ಕೇಳಿ. ಅವರು ಬಟ್ಟೆ ಕಟ್ಟಿಕೊಂಡಿದ್ದಾರೆ, ರಟ್ಟು ಸಿಕ್ಕಿಸಿದ್ದಾರೆ, ಇಟ್ಟಿಗೆ ಇಟ್ಟುಕೊಂಡಿದ್ದಾರೆ ಅಂದರೆ ಅಲ್ಲೇ ಏನೋ ತಪ್ಪಿದೆ ಅಂತ ಅರ್ಥ. ಸುಮ್ನೆ ಯಾರೂ ಕಟ್ಟಿಕೊಳ್ಳಲ್ಲ ಅಲ್ವಾ.

ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 3.30ಕ್ಕೆ ಎರಡೆರಡು ನಿಮಿಷ ಎದ್ದು ನಿಲ್ಲುವುದನ್ನೂ ತಂದೆವು. ಕೈ ಮೇಲೆತ್ತಿ, ಭುಜ ತಿರುಗಿಸಿ, ದೂರಕ್ಕೆ ನೋಡಿ ಕೂರುವುದು. ಮೊದಲು ಸೂಪರ್‌ವೈಸರ್‌ಗಳು ಟಾರ್ಗೆಟ್ ಹೋಗುತ್ತದೆ ಅಂತ ಒಪ್ಪಲಿಲ್ಲ. ಒಂದೇ ಲೈನ್‌ನಲ್ಲಿ ಎರಡು ವಾರ ಮಾಡಿ ನೋಡಿ, ಪೀಸ್ ಲೆಕ್ಕ ನೀವೇ ಇಡಿ ಅಂದೆ. ಪೀಸ್ ಕಡಿಮೆ ಆಗಲಿಲ್ಲ. ಆಮೇಲೆ ಅವರೇ ಬೆಲ್ ಹೊಡೆಯಲು ಶುರು ಮಾಡಿದರು.

ಸಂಜೆ ನೀರಿನ ಬಾಟಲಿ ನೋಡಿ

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲು ಕೆಲಸ ಮಾಡಿದ ಕಡೆ ಟಾಯ್ಲೆಟ್‌ಗೆ ಹೋಗಬೇಕಾದರೆ ಟೋಕನ್ ತೆಗೆದುಕೊಳ್ಳಬೇಕಿತ್ತು. ಒಂದು ಲೈನಿಗೆ ಎರಡೇ ಟೋಕನ್. ಸೂಪರ್‌ವೈಸರ್ ಗಂಡಸು. ಅವರ ಮುಂದೆ ಕೈ ಚಾಚಿ ಟೋಕನ್ ಕೇಳಲು ಹೆಣ್ಣುಮಕ್ಕಳಿಗೆ ನಾಚಿಕೆ. ಹಾಗಾಗಿ ನೀರೇ ಕುಡಿಯುತ್ತಿರಲಿಲ್ಲ. ಮನೆಯಿಂದ ತಂದ ಬಾಟಲಿ ಸಂಜೆ ಐದೂವರೆಗೆ ತುಂಬಿದ್ದು ತುಂಬಿದಂತೆಯೇ ವಾಪಸ್ ಹೋಗುತ್ತಿತ್ತು. ರಿಜಿಸ್ಟರ್‌ನಲ್ಲಿ "ಸೊಂಟ ನೋವು", "ಚಳಿ ಜ್ವರ", "ಹೊಟ್ಟೆ ನೋವು" ಅಂತ ಇರುತ್ತಿತ್ತು. ಉರಿಮೂತ್ರ ಅಂತ ಯಾರೂ ಬರೆಸುವುದಿಲ್ಲ. ಬಾಗಿಲು ಹಾಕಿ, ಪಕ್ಕದಲ್ಲಿ ಕೂರಿಸಿಕೊಂಡು, "ಒಂದಕ್ಕೆ ಹೋಗುವಾಗ ಉರಿ ಇದೆಯೇನವ್ವಾ" ಅಂತ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಮೂತ್ರದ ಸೋಂಕು ಬಿಟ್ಟರೆ ಕಿಡ್ನಿಗೆ ಏರುತ್ತದೆ. ಒಂದು ದಿನದಲ್ಲಿ ಮುಗಿಯುವುದು ಹತ್ತು ದಿನ ಮಲಗಿಸುತ್ತದೆ.

ಆದ್ದರಿಂದ ಟೋಕನ್ ಇದ್ದರೆ ಇವತ್ತೇ ತೆಗೆಯಿರಿ. ಆಮೇಲೆ ಟಾಯ್ಲೆಟ್ ಒಳಗೆ ನೀವೇ ಹೋಗಿ ನೋಡಿ. ಚಿಲಕ ಬೀಳುತ್ತದಾ? ಬಲ್ಬ್ ಉರಿಯುತ್ತದಾ? ನಲ್ಲಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ನೀರು ಬರುತ್ತದಾ? ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಇದೆಯಾ? ನಮ್ಮಲ್ಲಿ ಒಂದು ಟಾಯ್ಲೆಟ್ ಯಾರೂ ಬಳಸುತ್ತಿರಲಿಲ್ಲ. ಹೋಗಿ ನೋಡಿದರೆ ಚಿಲಕದ ಒಂದು ಸ್ಕ್ರೂ ಬಿದ್ದು ಹೋಗಿತ್ತು. ಒಬ್ಬರು ಹೊರಗೆ ಕಾವಲು ನಿಂತರೆ ಮಾತ್ರ ಇನ್ನೊಬ್ಬರು ಹೋಗಬೇಕು. ಒಂದು ಸ್ಕ್ರೂಗೋಸ್ಕರ ಅಷ್ಟು ಜನ ನೀರು ಬಿಟ್ಟಿದ್ದರು.

ಬಾಗಿಲ ಒಳಗಡೆ ಮೂತ್ರದ ಬಣ್ಣದ ಚಿತ್ರ ಅಂಟಿಸಿದ್ದೇನೆ. ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿ ಆದರೆ ಹೋಗಿ ಎರಡು ಲೋಟ ನೀರು ಕುಡಿ. ಓದಲು ಬಾರದವರಿಗೂ ಬಣ್ಣ ಅರ್ಥ ಆಗುತ್ತದೆ. ಬೇಸಿಗೆಯಲ್ಲಿ ಇಸ್ತ್ರಿ ಸೆಕ್ಷನ್‌ಗೆ ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಉಪ್ಪು ಹಾಕಿದ ನೀರುಮಜ್ಜಿಗೆ ಹೋಗುತ್ತದೆ. ಸ್ಟೀಮ್ ಮುಂದೆ ನಿಂತವರು ಎಷ್ಟು ಬೆವರುತ್ತಾರೆ ಅಂತ ಎಸಿ ರೂಮಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಸುಸ್ತಾಗಿ ಬಂದರೆ ಕೊಡಲು ಓಆರ್‌ಎಸ್ ಇಟ್ಟುಕೊಳ್ಳಿ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ರಕ್ತ ಪರೀಕ್ಷೆ, ಮತ್ತು ಅದಕ್ಕಿಂತ ಮುಖ್ಯವಾಗಿ ತಿಂಡಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಇದೆ. ಅಂದರೆ ಲೈನಿನಲ್ಲಿ ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರಿಗೆ ಅಂತ ಲೆಕ್ಕ ಹಾಕಿಕೊಳ್ಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ಬಸುರಿ ಇದ್ದರೆ 11, ಗಂಡಸರಿಗೆ 13.

ಒಬ್ಬಳು ಹುಡುಗಿ, ಇಪ್ಪತ್ನಾಲ್ಕು ವರ್ಷ, ಎರಡು ಮಕ್ಕಳ ತಾಯಿ. ಒಂದೇ ತಿಂಗಳಲ್ಲಿ ಮೂರು ಸಲ ಬಂದಳು. "ತಲೆ ಗಿರ್ ಅಂತದೆ ಸಿಸ್ಟರ್, ಎದೆ ಡವಡವ ಅಂತದೆ." ನಾಲ್ಕು ದಿನ ರಜೆಯೂ ಹಾಕಿದ್ದಳು. ಮೈಗಳ್ಳಿ ಅಂತ ಎಲ್ಲರ ಮುಂದೆ ಬೈಸಿಕೊಂಡಿದ್ದಳು. ಕೆಳಗಿನ ರೆಪ್ಪೆ ಎಳೆದು ನೋಡಿದೆ, ಬೆಳ್ಳಗೆ ಕಾಗದದ ಹಾಗೆ. ಹಿಮೋಗ್ಲೋಬಿನ್ 7.6. ಬೆಳಿಗ್ಗೆ ಐದಕ್ಕೆ ಎದ್ದು, ಮಕ್ಕಳಿಗೆ, ಅತ್ತೆಗೆ, ಗಂಡನಿಗೆ ಅಡುಗೆ ಮಾಡಿ, ಒಂದು ಲೋಟ ಕಾಫಿ ಕುಡಿದು ಆರೂ ಮುಕ್ಕಾಲಿಗೆ ವ್ಯಾನ್ ಹತ್ತುತ್ತಿದ್ದಳು. ಮೊದಲ ತುತ್ತು ಮಧ್ಯಾಹ್ನ ಒಂದು ಗಂಟೆಗೆ. ಅವಳನ್ನು ಬೈದವರಿಗೆ ಆ ರಿಪೋರ್ಟ್ ತೋರಿಸಬೇಕು ಅನಿಸಿತು. ತೋರಿಸಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕ್ಯಾಂಪ್ ಮಾಡಿ, ರಕ್ತ ನೋಡಿ, ಮಾತ್ರೆ ಹಂಚಿ, ಬ್ಯಾನರ್ ಮುಂದೆ ಫೋಟೋ ತೆಗೆಸಿಕೊಂಡರೆ ಏನೂ ಆಗುವುದಿಲ್ಲ. ಕಬ್ಬಿಣದ ಮಾತ್ರೆ ಹೆಚ್ಚಿನವರು ಒಂದು ವಾರಕ್ಕೇ ಬಿಡುತ್ತಾರೆ. ಹೊಟ್ಟೆ ಉರಿ, ಮಲಬದ್ಧತೆ, ಮಲ ಕಪ್ಪಗೆ ಬಂತು ಅಂತ ಹೆದರಿಕೆ. ಕಪ್ಪಗೆ ಬರುವುದು ಸಹಜ ಅಂತ ಮೊದಲೇ ಹೇಳಿ. ಹೊಟ್ಟೆಗೆ ಆಗದಿದ್ದರೆ ಊಟದ ನಂತರ ತೆಗೆದುಕೊಳ್ಳಲಿ. ಮಾತ್ರೆಯ ಆಸುಪಾಸು ಒಂದು ಗಂಟೆ ಕಾಫಿ ಟೀ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ಲೋಟ ನಿಂಬೆ ಪಾನಕ ಒಳ್ಳೆಯದು. ಎರಡು ವಾರಕ್ಕೆ ನಾನೇ ಕರೆದು ಕೇಳುತ್ತೇನೆ. ಡಾಕ್ಟರ್ ಹೇಳಿದಷ್ಟು ದಿನ, ರಕ್ತ ಸರಿಹೋದ ಮೇಲೂ ಕೆಲವು ತಿಂಗಳು ನುಂಗಲೇಬೇಕು. ಜಂತುಹುಳುವಿನ ಮಾತ್ರೆ ಬೇಕಾ, ಮುಟ್ಟಿನ ಸಮಯದಲ್ಲಿ ಜಾಸ್ತಿ ಹೋಗುತ್ತಿದೆಯಾ, ಇವೆರಡನ್ನೂ ಕೇಳದೆ ಬಿಡಬೇಡಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ರಜೆ ಕೊಡಿ. ಆದರೆ ಪ್ರತಿ ತಿಂಗಳೂ ಏಳಲಾರದಷ್ಟು ನೋವು, ರಕ್ತಸ್ರಾವ ಇರುವವಳನ್ನು ಡಾಕ್ಟರ್ ಹತ್ತಿರವೂ ಕಳಿಸಿ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬೆಳಗಿನ ತಿಂಡಿ. ಕೆಲಸ ಶುರುವಾಗುವ ಹತ್ತು ನಿಮಿಷ ಮುಂಚೆ ಉಪ್ಪಿಟ್ಟು, ಇಡ್ಲಿ ಅಥವಾ ಚಿತ್ರಾನ್ನ. ಮಾಲೀಕರನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು. ಮಧ್ಯಾಹ್ನದ ಊಟದಲ್ಲಿ ವಾರಕ್ಕೆರಡು ದಿನ ಮುದ್ದೆ ಜೊತೆ ಸೊಪ್ಪಿನ ಬಸ್ಸಾರು, ಒಂದು ದಿನ ಹುರುಳಿ ಸಾರು. ಇದು ನಮ್ಮ ಜನ ಮನೆಯಲ್ಲಿ ತಿನ್ನುವ ಊಟವೇ. ಹೊಸದಾಗಿ ಏನೂ ಕಲಿಸಬೇಕಾಗಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಲೆ ಸುತ್ತು ಅಂತ ನನ್ನ ಬಾಗಿಲಿಗೆ ಬರುವವರ ಸಾಲು ಕರಗಿದ್ದನ್ನು ನಾನೇ ನೋಡಿದ್ದೇನೆ.

ಮಂಗಳವಾರ ಬಕೆಟ್ ಮಗುಚುವ ದಿನ

ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಗಲಲ್ಲಿ ನಮ್ಮ ಜನ ಇರುವುದು ಎಲ್ಲಿ? ಫ್ಯಾಕ್ಟರಿಯಲ್ಲಿ. ಆದರೂ ಸೊಳ್ಳೆ ಅಂದರೆ ಮನೆ ವಿಷಯ ಅಂದುಕೊಂಡಿರುತ್ತಾರೆ.

ಒಂದು ಮಳೆಗಾಲ ಗೋಡೌನ್ ಪಕ್ಕದ ಸೆಕ್ಷನ್‌ನಲ್ಲಿ ಸಾಲಾಗಿ ಜ್ವರ ಬಂತು. ಸುತ್ತ ಹುಡುಕಿದೆವು, ಚರಂಡಿಗೆ ಮದ್ದು ಹೊಡೆಸಿದೆವು. ಕೊನೆಗೆ ಹುಳ ಸಿಕ್ಕಿದ್ದು ಗೋಡೆಗೆ ನೇತು ಹಾಕಿದ್ದ ಕೆಂಪು ಫೈರ್ ಬಕೆಟ್‌ಗಳಲ್ಲಿ. ಯಾರೋ ಮರಳಿನ ಬದಲು ನೀರು ತುಂಬಿಸಿದ್ದರು. ಟಾರ್ಚ್ ಬಿಟ್ಟರೆ ಒಳಗೆ ಚಿಕ್ಕ ಚಿಕ್ಕ ಹುಳ ಬಳುಕುತ್ತಿದ್ದವು. ಈ ಸೊಳ್ಳೆಗೆ ಕೊಳಚೆ ಬೇಕಿಲ್ಲ, ನಿಂತ ತಿಳಿ ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಮಗುಚಿದರೆ ಆಯಿತು. ನಮ್ಮಲ್ಲಿ ಮಂಗಳವಾರ. ಫೈರ್ ಬಕೆಟ್, ಕೂಲರ್ ತಟ್ಟೆ, ಹಳೇ ಟೈರ್, ಟೆರೇಸ್ ಮೇಲಿನ ಟಾರ್ಪಾಲು, ಖಾಲಿ ಡ್ರಮ್, ಹೂವಿನ ಕುಂಡದ ಕೆಳಗಿನ ತಟ್ಟೆ. ಹೌಸ್‌ಕೀಪಿಂಗ್‌ನ ಇಬ್ಬರು ಪಟ್ಟಿ ಹಿಡಿದು ಸುತ್ತುತ್ತಾರೆ. ಚಿಕೂನ್‌ಗುನ್ಯಾ ಬಂದರೆ ಜ್ವರ ಹೋದ ಮೇಲೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕೈಬೆರಳು ಮಡಚಲು ಆಗುವುದಿಲ್ಲ. ಟೈಲರ್‌ಗೆ ಬೆರಳು ಮಡಚಲು ಬರದಿದ್ದರೆ ಕೆಲಸವೇ ಇಲ್ಲ.

ಕಣ್ಣು, ಬಿಪಿ, ಕಿವಿ

ಇವು ಬೇಗ ಆಗುವ ಕೆಲಸಗಳು. 40ರ ಆಸುಪಾಸಿನಲ್ಲಿ ಹತ್ತಿರದ ವಸ್ತು ಮಸುಕಾಗುತ್ತದೆ. ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕೇಳುತ್ತಾರೆ, ಕೆಲಸ ಹೋಗುತ್ತದೆ ಅಂತ ಮುಚ್ಚಿಡುತ್ತಾರೆ, ಸಂಜೆಗೆ ತಲೆನೋವು. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಬೇರೆ ಯಾವುದರಲ್ಲೂ ನಾನು ಕಂಡಿಲ್ಲ.

30 ದಾಟಿದ ಎಲ್ಲರಿಗೂ ಆರು ತಿಂಗಳಿಗೊಮ್ಮೆ ಬಿಪಿ, ಶುಗರ್ ನೋಡುತ್ತೇನೆ. ಬಿಪಿ 140/90 ಮೇಲಿದ್ದರೆ ಒಂದೇ ಸಲಕ್ಕೆ ಹೆದರಿಸಬೇಡಿ, ಬೇರೆ ದಿನ ಮತ್ತೆ ನೋಡಿ, ಆಮೇಲೆ ಡಾಕ್ಟರ್ ಹತ್ತಿರ ಕಳಿಸಿ. ನರ್ಸ್ ಇಲ್ಲದ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ಈ ತಪಾಸಣೆ ಪುಕ್ಕಟೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಮಾತೂ ಇದೆ. ತಪಾಸಣೆ ಮಾಡಿಸುವಾಗ ಕೆಲಸಕ್ಕೆ ತಕ್ಕಂತೆ ಮಾಡಿಸಿ. ಹತ್ತಿಯ ದೂಳಿನಲ್ಲಿ ಇರುವವರಿಗೆ ಶ್ವಾಸಕೋಶ, ಸದ್ದಿನ ಮೆಷಿನ್ ಪಕ್ಕದವರಿಗೆ ಕಿವಿ. ರಜೆ ಮುಗಿಸಿ ಬಂದ ದಿನ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಕಡಿಮೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಹತ್ತಿ ದೂಳಿನ ಕಾಯಿಲೆ ಇರಬಹುದು, ತಡಮಾಡಬೇಡಿ. ಕೈಯಳತೆಯಲ್ಲಿ ನಿಂತವರಿಗೆ ಕೂಗಿ ಹೇಳಬೇಕು ಅನ್ನುವಂತಿದ್ದರೆ ಅಲ್ಲಿ ಸದ್ದು 85 ಡೆಸಿಬಲ್ ಆಸುಪಾಸು ಇದೆ ಅಂತ ತಿಳಿಯಿರಿ. ಇಯರ್‌ಪ್ಲಗ್ ಕೊಡಿ, ಆದರೆ ಮೊದಲು ಮೆಷಿನ್‌ಗೆ ಎಣ್ಣೆ ಬಿಡಿಸಿ, ಸಡಿಲಾದ ಶೀಟ್ ಬಿಗಿ ಮಾಡಿಸಿ.

ಜ್ವರದಲ್ಲಿ ಕೆಲಸಕ್ಕೆ ಬರುವಂತೆ ಮಾಡಬೇಡಿ

ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮೆಗೆ, ಸಂಬಳದ 3.25 ಪರ್ಸೆಂಟ್ ಮಾಲೀಕರು, 0.75 ಪರ್ಸೆಂಟ್ ಕಾರ್ಮಿಕರು ಕಟ್ಟುತ್ತಾರೆ. ಹುಷಾರಿಲ್ಲದಾಗ ದಿನದ ಸಂಬಳದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನದ ಕಂತೂ ಬಿದ್ದಿರಬೇಕು. ಪದೇ ಪದೇ ಮಲಗಿದವರಿಗೇ ಈ 78 ದಿನ ತುಂಬದೆ ಹೋಗುತ್ತದೆ. ಹಾಗಾಗಿ ಯಾರ ದಿನ ಕಡಿಮೆ ಬೀಳುತ್ತಿದೆ ಅಂತ ನಾನು ಎಚ್‌ಆರ್‌ನವರ ಜೊತೆ ಕೂತು ಮೊದಲೇ ನೋಡುತ್ತೇನೆ.

ಈಗ ಜ್ವರ ಬಂದವಳ ಕಡೆಯಿಂದ ಯೋಚನೆ ಮಾಡಿ. ಮೊದಲ ಎರಡು ದಿನದ ಸಂಬಳ ಇಲ್ಲ, ಅಟೆಂಡೆನ್ಸ್ ಬೋನಸ್ ಪೂರ್ತಿ ಹೋಗುತ್ತದೆ. ಅವಳೇನು ಮಾಡುತ್ತಾಳೆ? ಪ್ಯಾರಸಿಟಮಾಲ್ ನುಂಗಿ ಬರುತ್ತಾಳೆ. ವ್ಯಾನ್‌ನಲ್ಲಿ ಕೂತ ಇಪ್ಪತ್ತು ಜನಕ್ಕೂ ಕೆಮ್ಮುತ್ತಾಳೆ. ಬುಧವಾರದ ಹೊತ್ತಿಗೆ ನಾಲ್ಕು ಜನ ಮಲಗುತ್ತಾರೆ. ಬೋನಸ್ ಉಳಿಸಿದ್ದು ಯಾರಿಗೆ ಲಾಭ ಆಯಿತು? ನಮ್ಮಲ್ಲಿ ಈಗ ಜ್ವರ ಅಂತ ನಾನು ನೋಡಿ ಮನೆಗೆ ಕಳಿಸಿದರೆ ಬೋನಸ್‌ನಲ್ಲಿ ಆ ದಿನಗಳದ್ದು ಮಾತ್ರ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಇದಕ್ಕೂ ಸುಮಾರು ಜಗಳ ಆಡಿದ್ದೇನೆ.

ಇಎಸ್‌ಐಗೆ ಕಳಿಸುವಾಗ ಚೀಟಿಯಲ್ಲಿ ಅವರ ಕೆಲಸ ಬರೆದು ಕಳಿಸಿ. "ಕಾಲರ್ ಅಟ್ಯಾಚ್, ದಿನಕ್ಕೆ 8 ಗಂಟೆ ಕೂತು ಕೆಲಸ, ಭುಜದ ನೋವು 3 ವಾರದಿಂದ." ರೋಗಿಗೆ ನೀನು ಏನು ಕೆಲಸ ಮಾಡುತ್ತೀಯ ಅಂತ ಕೇಳಿ ಎಂದು ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲೇ ಹೇಳಿದ್ದರು. ದೊಡ್ಡ ಕ್ಯೂ ಇರುವ ಕಡೆ ಅದನ್ನು ಕೇಳಲು ಡಾಕ್ಟರ್‌ಗೆ ಪುರುಸೊತ್ತು ಇರುವುದಿಲ್ಲ. ಚೀಟಿ ಇದ್ದರೆ ಕೇಳುವ ಮೊದಲೇ ಉತ್ತರ ಕೈಯಲ್ಲಿರುತ್ತದೆ. ವಾರಕ್ಕೊಮ್ಮೆ ಫ್ಯಾಕ್ಟರಿಗೆ ಬರುವ ಡಾಕ್ಟರ್ ಇದ್ದರೆ ಅವರನ್ನೂ ಮೊದಲ ಅರ್ಧ ಗಂಟೆ ಲೈನಿನಲ್ಲಿ ಓಡಾಡಿಸಿ. ಔದ್ಯೋಗಿಕ ಆರೋಗ್ಯದ ಎಎಫ್‌ಐಎಚ್ ಕೋರ್ಸ್ ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದು.

ಗುಟ್ಟು ಕಾಯಬೇಕು

ಆ ಹುಡುಗಿಯ ರಿಪೋರ್ಟ್ ಯಾಕೆ ತೋರಿಸಲಿಲ್ಲ ಅಂದರೆ, ಒಂದು ಸಲ ತೋರಿಸಿದರೆ ಮುಂದೆ ಯಾರೂ ನನ್ನ ಹತ್ತಿರ ಬರುವುದಿಲ್ಲ. ನಾನು ಮ್ಯಾನೇಜರ್‌ಗೆ ಬರೆದುಕೊಡುವುದು ಮೂರರಲ್ಲಿ ಒಂದೇ. ಕೆಲಸ ಮಾಡಬಹುದು. ಇಂಥ ಬದಲಾವಣೆ ಮಾಡಿದರೆ ಮಾಡಬಹುದು. ಈಗ ಆಗುವುದಿಲ್ಲ. ಕಾಯಿಲೆಯ ಹೆಸರು, ರಿಪೋರ್ಟ್ ಬೀಗ ಹಾಕಿದ ಬೀರುವಿನಲ್ಲಿ. ಬೀಗದ ಕೈ ನನ್ನ ಹತ್ತಿರ. ಕೆಲಸಕ್ಕೆ ಸೇರಿಸುವಾಗ ಮಾಡುವ ಪರೀಕ್ಷೆಯೂ ಅಷ್ಟೇ. ಯಾರನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯಲು ಅದನ್ನು ಬಳಸಿ. ಬಸುರಿಯೇ, ಬಿಪಿ ಇದೆಯೇ ಅಂತ ನೋಡಿ ವಾಪಸ್ ಕಳಿಸಲು ಬಳಸಿದರೆ ಜನ ಎಲ್ಲವನ್ನೂ ಮುಚ್ಚಿಡುತ್ತಾರೆ, ಕಾಯಿಲೆ ಬಲಿತ ಮೇಲೆ ಗೊತ್ತಾಗುತ್ತದೆ.

ಕಾಯಿಲೆ ಅಂತ ಬಂದವರ ಹಿಂದೆ ಸಾಲ ಇರುವುದೂ ಉಂಟು. ಪ್ರತಿ ವಾರ ಒಂದೇ ದಿನ ತಲೆನೋವು, ನಿದ್ದೆ ಇಲ್ಲ ಅಂತ ಬರುತ್ತಿದ್ದ ಒಬ್ಬರನ್ನು ಮೆಲ್ಲಗೆ ಕೇಳಿದೆ. ಮಾರನೇ ದಿನ ಸಂಘದ ಕಂತು ಕಟ್ಟಬೇಕಿತ್ತು. ಮೂರು ಸಂಘದಲ್ಲಿ ಸಾಲ. ಅದಕ್ಕೆ ನನ್ನಲ್ಲಿ ಮಾತ್ರೆ ಇಲ್ಲ. ಕೇಳಿಸಿಕೊಂಡೆ, ಎಚ್‌ಆರ್‌ನಲ್ಲಿ ಸಂಬಳದ ಮುಂಗಡ ಕೇಳಲು ಅವರ ಜೊತೆ ಹೋದೆ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ನಂಬರ್ ಟಾಯ್ಲೆಟ್ ಬಾಗಿಲ ಒಳಗೂ ಅಂಟಿಸಿದ್ದೇನೆ. ಅಲ್ಲಿ ನಿಂತು ಬರೆದುಕೊಂಡರೆ ಯಾರೂ ನೋಡುವುದಿಲ್ಲ.

ವಾಪಸ್ ಬಂದ ಮೊದಲ ದಿನ

ವಾರಕ್ಕಿಂತ ಜಾಸ್ತಿ ರಜೆ ಹಾಕಿ ಬಂದವರು ಲೈನಿಗೆ ಹೋಗುವ ಮೊದಲು ನನ್ನ ಹತ್ತಿರ ಹತ್ತು ನಿಮಿಷ ಕೂರುತ್ತಾರೆ. ಹೇಗಿದ್ದೀಯ, ಯಾವ ಕೆಲಸ ಈಗ ಕಷ್ಟ, ಏನು ಬದಲಾಯಿಸಿದರೆ ಅನುಕೂಲ. ಚಿಕೂನ್‌ಗುನ್ಯಾದಿಂದ ಎದ್ದವರಿಗೆ ಎರಡು ವಾರ ಚೆಕಿಂಗ್ ಟೇಬಲ್. ಗರ್ಭಕೋಶದ ಆಪರೇಷನ್ ಆದವರಿಗೆ ಡಾಕ್ಟರ್ ಹೇಳುವವರೆಗೆ ಬಂಡಲ್ ಎತ್ತುವ ಕೆಲಸ ಇಲ್ಲ. ಬಂದ ದಿನವೇ ಪೂರ್ತಿ ಟಾರ್ಗೆಟ್ ಕೊಟ್ಟರೆ ನಾಲ್ಕನೇ ದಿನ ಮತ್ತೆ ಮಲಗುತ್ತಾರೆ. ಸೂಪರ್‌ವೈಸರ್ ಎದುರು ಬಂದು "ಈಗ ಪರವಾಗಿಲ್ವೇನಕ್ಕ" ಅಂತ ಕೇಳಿದರೆ ಅವರ ಮುಖ ಹೇಗೆ ಅರಳುತ್ತದೆ ಅಂತ ನೀವೇ ನೋಡಿ.

ನಿಮ್ಮದು ಮೂವತ್ತು ನಲವತ್ತು ಜನರ ಯೂನಿಟ್, ನರ್ಸ್ ಇಡಲು ಆಗುವುದಿಲ್ಲ ಅಂದರೆ ಅಕ್ಕಪಕ್ಕದ ನಾಲ್ಕೈದು ಶೆಡ್‌ನವರು ಸೇರಿ ಒಬ್ಬ ನರ್ಸ್‌ಗೆ ವಾರಕ್ಕೆ ಒಂದೊಂದು ದಿನ ಹಂಚಿಕೊಳ್ಳಿ. ಅಲ್ಲಿಯವರೆಗೆ ಜನ ನಂಬುವ ಒಬ್ಬ ಹಿರಿಯ ಹೆಂಗಸಿನ ಕೈಗೆ ಆ ಐದು ಕಾಲಂ ನೋಟ್‌ಬುಕ್ ಕೊಡಿ. ಮೊದಲ ತಿಂಗಳು ಬರೀ ಬರೆಯಲಿ. ಎರಡನೇ ತಿಂಗಳು ಒಂದೇ ಸಾಲು ಆರಿಸಿಕೊಳ್ಳಿ, ಅತಿ ಹೆಚ್ಚು ಸಲ ಬಂದದ್ದು. ಆ ಜಾಗಕ್ಕೆ ಹೋಗಿ ಅರ್ಧ ಗಂಟೆ ಕೂತುಕೊಳ್ಳಿ. ನನ್ನ ನೋಟ್‌ಬುಕ್‌ನಲ್ಲಿ ಈ ತಿಂಗಳು ಆ ಸಾಲು ಇಸ್ತ್ರಿ ಸೆಕ್ಷನ್‌ನದು. ನಾಳೆ ಬೆಳಿಗ್ಗೆ ಅಲ್ಲಿ ಸ್ಟೀಮ್ ಮುಂದೆ ನಿಂತು ನೋಡಬೇಕು, ಎಕ್ಸಾಸ್ಟ್ ಫ್ಯಾನ್ ಎಲ್ಲಿ ಕೂರಿಸಬೇಕು ಅಂತ ಆ ಹುಡುಗರನ್ನೇ ಕೇಳಬೇಕು.